ಏಳನೆಯ ಗ್ಲಾಸಿನ ಗುಲಾಬಿ

ಈರುಳ್ಳಿ ಹೆಚ್ಚುವವರು ಯಾರು ಎನ್ನುವಲ್ಲಿಂದಲೇ ಆ ಮನೆಯಲ್ಲಿ ಜಗಳ ಶುರುವಾದದ್ದು.

“ನನ್ನ ಕೈಲಾಗಲ್ಲ. ಎಪ್ಪತ್ನಾಲ್ಕು ವರ್ಷ ಆಯ್ತು ನನಗೆ. ಕಣ್ಣಲ್ಲಿ ನೀರು ಬರೋಕೆ ಬೇರೆ ಕಾರಣಗಳೇ ಬೇಕಾದಷ್ಟಿವೆ” ಎಂದು ಅಜ್ಜಿ ಚಾಕುವನ್ನು ಮೇಜಿನ ಮೇಲೆ ಕುಕ್ಕಿದಳು.

“ನಾಲ್ಕೇ ದಿನ ಅತ್ತೆ. ಶನಿವಾರ ಮುಗಿದ್ಮೇಲೆ ನಾನೇ ಒಂದು ಮೂಟೆ ಹೆಚ್ಚಿ ಹಾಕ್ತೀನಿ.”

“ಹೋದ ವರ್ಷಾನೂ ಇದನ್ನೇ ಹೇಳ್ದೆ. ಈರುಳ್ಳಿ ಮುಟ್ಟಲ್ಲ, ಬೆಳ್ಳುಳ್ಳಿ ಮುಟ್ಟಲ್ಲ, ತಲೆಗೆ ಎಣ್ಣೆ ಹಚ್ಚಲ್ಲ, ನನ್ನ ಸೋಪಿನ ವಾಸನೆ ಬಂದ್ರೆ ಮೂಗು ಮುಚ್ಕೋತೀಯ. ಏನೇ ಇದು, ಕುಡಿಯೋರು ಅವರು, ಪಥ್ಯ ನಿಂದಾ?”

ಒಲೆಯ ಮೇಲಿನ ದೊಡ್ಡ ಪಾತ್ರೆಯಲ್ಲಿ ಬಿಳಿ ಬಟ್ಟೆಗಳು ಕುದಿಯುತ್ತಿದ್ದವು. ಸೊಸೆ ಕೋಲಿನಿಂದ ಅವನ್ನು ಮುಳುಗಿಸಿ, ಮೇಲೆತ್ತಿ, ಮತ್ತೆ ಮುಳುಗಿಸಿದಳು.

ಅವಳು ಊರಿನ ದೊಡ್ಡವರ ಕ್ಲಬ್ಬಿನಲ್ಲಿ ಹತ್ತೊಂಬತ್ತು ವರ್ಷಗಳಿಂದ ಗ್ಲಾಸು ತೊಳೆಯುವವಳು. ಅಲ್ಲಿ ಅವಳಿಗೆ ಗ್ಲಾಸಮ್ಮ ಎಂದೇ ಹೆಸರು. ಆ ಹೆಸರು ಅವಳ ಹಿಂದೆಯೇ ಬಸ್ಸು ಹತ್ತಿ ಮನೆಗೂ ಬಂದಿತ್ತು. ಗಂಡನೂ ಖುಷಿಯಲ್ಲಿದ್ದಾಗ ಹಾಗೇ ಕರೆಯುತ್ತಿದ್ದ. ಹಳೆಯ ವೈನಿಗೆ ಇಡುವ ಗ್ಲಾಸು ಮೊಟ್ಟೆಯ ಚಿಪ್ಪಿನಷ್ಟು ತೆಳು. ಅದಕ್ಕೆ ಸೋಪು ತಾಗಬಾರದು, ಬರೀ ಬಿಸಿನೀರು. ಒರೆಸುವ ಬಟ್ಟೆಯನ್ನೂ ಬರಿಯ ನೀರಿನಲ್ಲೇ ಕುದಿಸಬೇಕು. ಕ್ಲಬ್ಬಿನ ಲಾಂಡ್ರಿಯವರು ಎಲ್ಲದಕ್ಕೂ ಘಮಘಮ ಪುಡಿ ಸುರಿಯುತ್ತಾರೆಂದು ಅವಳು ಆ ಬಟ್ಟೆಗಳನ್ನು ಮನೆಗೆ ತಂದು ತಾನೇ ಕುದಿಸುತ್ತಿದ್ದಳು. ಗ್ಯಾಸು ಅವಳದು, ನೀರು ಅವಳದು, ಬೆರಳುಗಳ ಸಂದಿಯಲ್ಲಿ ಬಿರಿದ ಚರ್ಮವೂ ಅವಳದೇ.

ವರ್ಷಕ್ಕೊಮ್ಮೆ ಕ್ಲಬ್ಬಿನಲ್ಲಿ ರುಚಿಕೂಟ ನಡೆಯುತ್ತದೆ. ಫ್ರಾನ್ಸಿನ ಒಂದೇ ತೋಟದ ಕೆಂಪು ವೈನು, ಬೇರೆ ಬೇರೆ ವರ್ಷಗಳದ್ದು, ಸಾಲಾಗಿ ಏಳು ಗ್ಲಾಸು. ಸದಸ್ಯರು ಗ್ಲಾಸು ತಿರುಗಿಸುತ್ತಾರೆ, ಮೂಸುತ್ತಾರೆ, ಬಾಯಲ್ಲಿಟ್ಟು ಮುಕ್ಕಳಿಸಿ ಬೆಳ್ಳಿಯ ಪಾತ್ರೆಗೆ ಉಗಿಯುತ್ತಾರೆ, ಮತ್ತೆ ಏನೇನೋ ಬರೆದುಕೊಳ್ಳುತ್ತಾರೆ. ಆಮೇಲೆ ಗ್ಲಾಸುಗಳು ಗ್ಲಾಸಮ್ಮನ ಬಳಿಗೆ ಬರುತ್ತವೆ. ಯಾವುದಕ್ಕೆ ಒಂದು ನೀರು ಸಾಕು, ಯಾವುದಕ್ಕೆ ಎರಡು ಬೇಕು ಎಂದು ತಿಳಿಯಲು ಅವಳು ಪ್ರತಿ ಗ್ಲಾಸಿನ ತಳವನ್ನೂ ಮೂಸಿಯೇ ತೊಳೆಯುತ್ತಿದ್ದಳು. ಹತ್ತೊಂಬತ್ತು ವರ್ಷ ಮೂಸಿದ ಮೇಲೆ ಅವಳ ಮೂಗಿಗೆ ಆ ತೋಟದ ಮಳೆ, ಬಿಸಿಲು ಎಲ್ಲವೂ ಪರಿಚಯವಾಗಿತ್ತು. ಎಳೆಯ ವೈನಿನಲ್ಲಿ ಹಣ್ಣು ಮುಂದೆ ನಿಂತು ಕೂಗುತ್ತದೆ. ಬಾಳೆಕಾಯಿಯ ಸಿಪ್ಪೆಯ ಒಗರು ಮೂಗಿಗೇ ತಾಗುತ್ತದೆ. ವಯಸ್ಸಾದಂತೆ ಆ ಒಗರು ಕರಗಿ, ಹಣ್ಣು ಹಿಂದೆ ಸರಿದು, ಒಣ ಎಲೆ, ಅಣಬೆ, ಚಪ್ಪಲಿ ಹೊಲಿಯುವವನ ಅಂಗಡಿಯ ಚರ್ಮ, ಆಗತಾನೇ ಚೂಪು ಮಾಡಿದ ಪೆನ್ಸಿಲ್ಲಿನ ಸಿಪ್ಪೆ ಒಂದೊಂದಾಗಿ ಎದ್ದು ಬರುತ್ತವೆ. ಬಣ್ಣವೂ ಅಷ್ಟೇ, ಗ್ಲಾಸಿನ ಅಂಚಿನಲ್ಲಿ ನೇರಳೆ ಹೋಗಿ ಇಟ್ಟಿಗೆ ಬರುತ್ತದೆ.

ಬಾಟಲಿಯ ಮೇಲಿನ ಇಸವಿ ಅವಳಿಗೆ ನೆನಪಿರುತ್ತಿರಲಿಲ್ಲ. ಮನೆಯ ಲೆಕ್ಕದಲ್ಲೇ ಅವುಗಳಿಗೆ ಹೆಸರಿಟ್ಟಿದ್ದಳು. ಅತ್ತೆಯ ಕಾಲು ಮುರಿದ ವರ್ಷದ್ದು. ಗಂಡ ಕುಡಿತ ಬಿಟ್ಟ ವರ್ಷದ್ದು. ತಾನು ಕ್ಲಬ್ಬಿಗೆ ಸೇರಿದ ವರ್ಷದ್ದು. ಮಗಳು ಹುಟ್ಟಿದ ವರ್ಷದ್ದು. ಮದುವೆಯ ವರ್ಷದ್ದು. ತಾನು ಶಾಲೆ ಬಿಟ್ಟ ವರ್ಷದ್ದು. ಏಳನೆಯದು, ಈ ವರ್ಷ ಮೊದಲ ಸಲ ಕೂಟಕ್ಕೆ ಬರಲಿರುವ ಎಲ್ಲಕ್ಕಿಂತ ಹಳೆಯದು, ಅವಳಿಗೆ ನೆನಪೇ ಇಲ್ಲದಷ್ಟು ಚಿಕ್ಕವಳಿದ್ದಾಗಿನದು. “ಮದುವೆ ವರ್ಷದ್ದು ತೀರಾ ತೆಳು, ಹಸಿಮೆಣಸಿನಕಾಯಿ ತೊಟ್ಟಿನ ವಾಸನೆ. ಆ ವರ್ಷ ಅಲ್ಲಿ ಮಳೆ ಜಾಸ್ತಿ ಆಗಿರ್ಬೇಕು” ಎಂದು ಅವಳೊಮ್ಮೆ ಊಟಕ್ಕೆ ಕುಳಿತಾಗ ಹೇಳಿದ್ದಳು. “ಇಲ್ಲೂ ಅಷ್ಟೇನೂ ಚೆನ್ನಾಗಿರ್ಲಿಲ್ಲ ಬಿಡು” ಎಂದು ಗಂಡ ತಟ್ಟೆ ನೋಡುತ್ತಲೇ ನಕ್ಕಿದ್ದ.

ಆದರೆ ಅವಳು ಒಂದು ಹನಿಯನ್ನೂ ನಾಲಿಗೆಗೆ ತಾಗಿಸಿದವಳಲ್ಲ. ಗಂಡ ಬಸ್ ಡಿಪೋದಲ್ಲಿ ಟೈರು ಬದಲಿಸುವವನು. ಹದಿನಾಲ್ಕು ವರ್ಷ ಕುಡಿದು, ಹನ್ನೊಂದು ವರ್ಷದ ಹಿಂದೆ ಬಿಟ್ಟಿದ್ದ. ಅವನು ಬಿಟ್ಟ ದಿನ ಅವಳು ಹೇಳಿದ್ದು ಇಷ್ಟೇ: “ಇನ್ನು ಈ ಮನೆಯವರ ಯಾರ ಬಾಯಿಗೂ ಅದು ಹೋಗಲ್ಲ. ನನ್ನ ಬಾಯಿಗೂ.” ಅದಕ್ಕೂ ಮೊದಲೂ ಹೋಗಿರಲಿಲ್ಲ ಎನ್ನುವುದು ಬೇರೆ ಮಾತು.

ಕ್ಲಬ್ಬಿನ ವೈನ್ ಉಸ್ತುವಾರಿಯವನನ್ನು ಕೆಲಸದವರೆಲ್ಲ ಹಿಂದಿನಿಂದ ಟೈ ಎಂದು ಕರೆಯುತ್ತಿದ್ದರು. ಏಳು ವರ್ಷದ ಹಿಂದೆ ಗ್ಲಾಸಮ್ಮ ಒಂದು ಗ್ಲಾಸನ್ನು ಅವನ ಕಡೆ ತಳ್ಳಿ, “ಈ ಬಾಟ್ಲಿ ಕೆಟ್ಟಿದೆ ಸರ್, ಒದ್ದೆ ರಟ್ಟಿನ ವಾಸನೆ” ಎಂದಿದ್ದಳು. ಅವನು ನಕ್ಕಿದ್ದ. ಆಮೇಲೆ ಮೂಸಿ ನೋಡಿ ನಗು ನಿಲ್ಲಿಸಿದ್ದ. ಕಾರ್ಕು ಕೆಟ್ಟರೆ ವೈನಿಗೆ ಹತ್ತುವ ವಾಸನೆ ಅದು. ಅಂದಿನಿಂದ ಪ್ರತಿ ಕೂಟಕ್ಕೂ ಮೊದಲು, ತೊಳೆಯುವ ಕೋಣೆಯ ಗೋಡೆಯಲ್ಲಿದ್ದ ಕಿಂಡಿಯ ಮೂಲಕ ಒಂದೊಂದೇ ಗ್ಲಾಸು ಒಳಗೆ ಬರುತ್ತಿತ್ತು. ಅವಳು ಮೂಸಿ “ಸರಿ” ಅಥವಾ “ಕೆಟ್ಟಿದೆ” ಎನ್ನುತ್ತಿದ್ದಳು. ಹೊರಗೆ ಆ ಮೂಗು ಟೈಯದ್ದಾಗಿತ್ತು. ಅದಕ್ಕೆ ಕ್ಲಬ್ಬು ಅವನಿಗೆ ಬೆಳ್ಳಿಯ ಬಿಲ್ಲೆ ಕೊಟ್ಟಿತು. ಅವಳಿಗೆ ಅವನು ಒಂದು ಮಾತು ಕೊಟ್ಟ: ವೈನಿಡುವ ನೆಲಮಾಳಿಗೆಯ ಸಹಾಯಕ ಮುದುಕ ಈ ವರ್ಷ ನಿವೃತ್ತನಾಗುತ್ತಾನೆ, ಆ ಜಾಗ ನಿನಗೇ. ಬಿಸಿನೀರಿಲ್ಲದ ಕೆಲಸ. ಕೂತು ಮಾಡುವ ಕೆಲಸ.

“ಬರೆದು ಕೊಟ್ಟಿದ್ದಾರಾ?” ಎಂದು ಮಗಳು ಆ ಸಂಜೆ ಕೇಳಿದಳು. ಕೊನೆಗೆ ಈರುಳ್ಳಿ ಹೆಚ್ಚಲು ಕುಳಿತವಳು ಅವಳೇ. ಡೈರಿಯ ಅಂಗಳದಲ್ಲಿ ಹಾಲಿನ ಕ್ಯಾನುಗಳ ಮುಚ್ಚಳ ತೆಗೆದು ಮೂಸಿ, ಹುಳಿ ತಿರುಗಿದ್ದನ್ನು ವಾಪಸು ಕಳಿಸುವುದು ಅವಳ ಉದ್ಯೋಗ.

“ಬಾಯಲ್ಲಿ ಹೇಳಿದ್ದಾರೆ.”

“ಅಮ್ಮಾ, ದಿನಕ್ಕೆ ಮುನ್ನೂರು ಕ್ಯಾನ್ ಮೂಸ್ತೀನಿ ನಾನು. ಅದಕ್ಕೆ ಆರು ತಿಂಗಳು ತರಬೇತಿ ಕೊಟ್ರು, ಸರ್ಟಿಫಿಕೇಟ್ ಕೊಟ್ರು, ಕೋಟು ಕೊಟ್ರು. ನಿನ್ನ ಮೂಗು ನನ್ನ ಮೂಗಿಗಿಂತ ಹತ್ತು ಪಟ್ಟು ಚುರುಕು. ನಿನಗೇನು ಕೊಟ್ಟಿದ್ದಾರೆ? ಕಿಂಡಿ.”

“ಕೊಡ್ತಾರೆ ಕಣೇ. ಮಾತು ಕೊಟ್ಟಿದ್ದಾರೆ.”

“ಬಾಯಲ್ಲಿಟ್ಟಿದ್ದನ್ನೆಲ್ಲ ಮುಕ್ಕಳಿಸಿ ಉಗಿಯೋ ಜಾಗ ಅದು ಅಂತ ನೀನೇ ಹೇಳ್ತೀಯ. ಅಲ್ಲಿ ಬಾಯಲ್ಲಿ ಹೇಳಿದ್ದು ಎಷ್ಟೊತ್ತು ನಿಲ್ಲುತ್ತೆ?”

“ಊಟ ಮಾಡೋವಾಗ ಉಗಿಯೋ ಮಾತು ಯಾಕೆ” ಎಂದ ಅಪ್ಪ. ಅಲ್ಲಿಗೆ ಆ ಸಂಜೆಯ ಜಗಳ ನಿಂತಿತು.

ಶುಕ್ರವಾರ ಬೆಳಿಗ್ಗೆ ಗ್ಲಾಸಮ್ಮ ನಾಲ್ಕು ಬಟ್ಟೆ ಕುದಿಸಿ ಒಣಹಾಕಿದಳು. ಗ್ಯಾಸು ಮುಗಿಯಿತು. ಉಳಿದೆರಡನ್ನು ಬಕೆಟ್ಟಿನಲ್ಲಿ ಬಿಟ್ಟು, ಸಂಜೆ ಬಂದು ಕುದಿಸುತ್ತೇನೆಂದು ಬಸ್ಸಿಗೆ ಓಡಿದಳು. ಅಜ್ಜಿ ಬಚ್ಚಲಿಗೆ ಹೋದಾಗ ಬಕೆಟ್ಟು ಕಾಣಿಸಿತು. ಸೊಸೆಯ ಬೆರಳುಗಳನ್ನು ಅವಳು ಆ ಬೆಳಿಗ್ಗೆಯಷ್ಟೇ ನೋಡಿದ್ದಳು. ಬ್ರೆಡ್ಡಿಗೆ ಬೆಣ್ಣೆ ಸವರುವಾಗ ಸಂದಿಯಿಂದ ರಕ್ತ ಜಿನುಗಿತ್ತು. ಮುದುಕಿ ಮೊಣಕಾಲು ಹಿಡಿದುಕೊಂಡು ಕೂತಳು. ತನ್ನ ಗುಲಾಬಿ ಸೋಪು ತೆಗೆದು ಆ ಎರಡು ಬಟ್ಟೆಗಳನ್ನು ಚೆನ್ನಾಗಿ ಉಜ್ಜಿ, ಹಿಂಡಿ, ಒಣಗಿಸಿ, ಇಸ್ತ್ರಿ ಮಾಡಿ, ಉಳಿದ ನಾಲ್ಕರ ಕೆಳಗೆ ಮಡಚಿಟ್ಟು ಚೀಲಕ್ಕೆ ಹಾಕಿ ಬಾಯಿ ಕಟ್ಟಿದಳು.

ಸಂಜೆ ಸೊಸೆ ಕೇಳಿದಾಗ “ನಾನೇ ತೊಳ್ದೆ ಕಣೇ. ಎಲ್ಲಾ ಚೀಲದಲ್ಲಿದೆ” ಎಂದಳು.

“ಬರೀ ನೀರಲ್ಲಾ ಅತ್ತೆ?”

“ಮತ್ತೆ? ನೀರಿಲ್ದೆ ತೊಳೀತಾರಾ ಯಾರಾದ್ರೂ?”

ವಾರವಿಡೀ ಮುಖ ತಿರುಗಿಸಿಕೊಂಡಿದ್ದ ಅತ್ತೆ ತಾನಾಗಿ ಬಟ್ಟೆ ತೊಳೆದದ್ದೇ ಗ್ಲಾಸಮ್ಮನಿಗೆ ದೊಡ್ಡದಾಯಿತು. ಅತ್ತೆಯ ಸೋಪಿನ ವಾಸನೆ ಮನೆಯಲ್ಲಿ ಯಾವಾಗಲೂ ಇದ್ದದ್ದೇ; ಚೀಲದ ಬಾಯಿ ಬಿಚ್ಚಿ ನೋಡಲಿಲ್ಲ.

ಶನಿವಾರ ಬೆಳಿಗ್ಗೆಯೂ ಅವಳಿಗೆ ಚೀಲ ಬಿಚ್ಚಲಾಗಲಿಲ್ಲ. ಟೈ ಬೆಳಿಗ್ಗೆಯಿಂದಲೇ ಅವಳನ್ನು ಕಿಂಡಿಯ ಹತ್ತಿರ ನಿಲ್ಲಿಸಿಕೊಂಡಿದ್ದ. ಗ್ಲಾಸು ಒರೆಸುವುದನ್ನು ಆ ದಿನಕ್ಕೆಂದು ಹೊರಗಿನಿಂದ ಕರೆಸಿದ್ದ ಇಬ್ಬರು ವೇಟರುಗಳಿಗೆ ಬಿಟ್ಟರು. ಒಂಬತ್ತು ಸದಸ್ಯರು, ತಲೆಗೆ ಏಳರಂತೆ ಅರವತ್ಮೂರು ಗ್ಲಾಸು. ಮೇಲಿನ ನಾಲ್ಕು ಬಟ್ಟೆ ಒದ್ದೆಯಾಗುವಷ್ಟರಲ್ಲಿ ಆರು ಸಾಲು ಮುಗಿದಿತ್ತು. ಏಳನೆಯ ಸಾಲನ್ನು ಅವರು ಕೆಳಗಿನ ಎರಡು ಬಟ್ಟೆಗಳಲ್ಲಿ ಒರೆಸಿದರು.

ಇತ್ತ ಟೈ ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿದ್ದ ಬಾಟಲಿಗಳನ್ನು ಒಂದೊಂದಾಗಿ ತೆರೆದು, ಕತ್ತಿನ ಹಿಂದೆ ದೀಪ ಹಿಡಿದು, ತಳದ ಗಸಿ ಬಾಟಲಿಯ ಭುಜಕ್ಕೆ ಬರುವವರೆಗೆ ನಿಧಾನವಾಗಿ ಅಗಲ ಹೊಟ್ಟೆಯ ಗಾಜಿನ ಹೂಜಿಗೆ ಬಗ್ಗಿಸಿ, ಒಂದು ಗುಟುಕಿನಷ್ಟನ್ನು ಕಿಂಡಿಯಿಂದ ಒಳಗೆ ಕೊಟ್ಟ. ಆರಕ್ಕೆ ಅವಳು “ಸರಿ” ಎಂದಳು. ಮಗಳ ವರ್ಷದ್ದನ್ನು ಸ್ವಲ್ಪ ಹೆಚ್ಚೇ ಹೊತ್ತು ಹಿಡಿದುಕೊಂಡಳು. ಏಳನೆಯದನ್ನು ಮೂಸಿ ಕೆಳಗಿಟ್ಟಳು.

“ಇದು ಸತ್ತಿದೆ ಸರ್.”

“ಕಾರ್ಕಾ?”

“ಅಲ್ಲ. ಒಳಗೆ ಗಾಳಿ ಹೋಗಿದೆ. ಹಣ್ಣೂ ಇಲ್ಲ, ಎಲೇನೂ ಇಲ್ಲ. ಕೊಳೆತ ಸೇಬು, ಮೇಲೆ ವಿನೆಗರ್.”

“ಬೇರೆ ಬಾಟ್ಲಿ ಇಲ್ಲ ಗ್ಲಾಸಮ್ಮ. ಇಡೀ ಕೂಟವೇ ಇದಕ್ಕೋಸ್ಕರ. ನೀನು ಸುಮ್ನಿರು.”

“ನಾನ್ಯಾಕೆ ಮಾತಾಡ್ಲಿ? ನೀವು ಕೇಳಿದ್ರಿ, ಹೇಳ್ದೆ.”

ಮಧ್ಯಾಹ್ನ ಕೂಟ ಶುರುವಾಯಿತು. ಅಧ್ಯಕ್ಷ ಸ್ಥಾನದಲ್ಲಿ ನಿವೃತ್ತ ಜಡ್ಜ್ ಸಾಹೇಬರು, ಎಡಕ್ಕೆ ಹೃದಯದ ಡಾಕ್ಟರು, ಬಲಕ್ಕೆ ಸಿಮೆಂಟ್ ಕಾರ್ಖಾನೆಯ ಮಾಲೀಕ. ಆರು ಗ್ಲಾಸುಗಳವರೆಗೆ ಗಂಭೀರವಾಗಿ ಗಂಟಲು ಸರಿಮಾಡಿಕೊಂಡು ಏನೇನೋ ಹೇಳಿದರು. ಏಳನೆಯದಕ್ಕೆ ಮೂಗಿಟ್ಟ ಜಡ್ಜ್ ಸಾಹೇಬರು ಕಣ್ಣು ಮುಚ್ಚಿದರು.

“ಗುಲಾಬಿ” ಎಂದರು.

ಕಣ್ಣು ತೆರೆಯದೆಯೇ ಇನ್ನೊಮ್ಮೆ ಮೂಸಿದರು.

“ನಲವತ್ತೊಂದು ವರ್ಷ ಕತ್ತಲಲ್ಲಿ ಮಲಗಿ, ಇವತ್ತು ಗುಲಾಬಿಯಾಗಿ ಎದ್ದಿದೆ ಸ್ವಾಮಿ. ಇದನ್ನು ಎಲ್ಲರ ಮೂಗೂ ಹಿಡಿಯಲಾರದು.”

ಎಲ್ಲರ ಮೂಗೂ ಹಿಡಿಯಿತು. ಡಾಕ್ಟರಿಗೆ ಗುಲಾಬಿಯ ಹಿಂದೆ ಬೆಳಗಿನ ಇಬ್ಬನಿ ಸಿಕ್ಕಿತು. ಇನ್ನೊಬ್ಬರಿಗೆ ತಾಯಿಯ ಸೆರಗು ಸಿಕ್ಕಿತು. ಆ ವರ್ಷದ ಬಾಟಲಿ ಎಲ್ಲಿ ಸಿಕ್ಕರೂ ಒಂದು ಡಜನ್ ಕೊಳ್ಳತಕ್ಕದ್ದು ಎಂದು ಅಲ್ಲೇ ನಿರ್ಣಯವಾಯಿತು.

ಏಳನೆಯ ಸಾಲಿನ ಮೊದಲ ಗ್ಲಾಸು ಕಿಂಡಿಯಿಂದ ಬಂದಾಗ ಗ್ಲಾಸಮ್ಮ ಅದನ್ನು ಎರಡು ಸಲ ಮೂಸಿದಳು. ಆ ಗುಲಾಬಿ ಅವಳಿಗೆ ಗೊತ್ತು. ಅದು ದಿನಾ ಬೆಳಿಗ್ಗೆ ಅವಳ ಬಚ್ಚಲಿನಿಂದ ಬರುತ್ತದೆ.

ಅವಳು ಸುಮ್ಮನಿರುತ್ತಿದ್ದಳೋ ಏನೋ. ಆದರೆ ಜಡ್ಜ್ ಸಾಹೇಬರು ಖುಷಿಯಲ್ಲಿ ತಾವೇ ಕಿಂಡಿಯವರೆಗೆ ಬಂದರು, ತಮ್ಮ ಗ್ಲಾಸು ಹಿಡಿದುಕೊಂಡು. ಪಕ್ಕದಲ್ಲಿ ಸಿಮೆಂಟ್ ಮಾಲೀಕ.

“ಇದನ್ನು ಜೋಪಾನವಾಗಿ ತೊಳಿಯಮ್ಮ. ಒಳಗೆ ಗುಲಾಬಿ ಇದೆ.”

“ಕ್ಷಮಿಸಿ ಸರ್” ಎಂದಳು ಅವಳು. “ಅದು ವೈನಿಂದಲ್ಲ. ನಮ್ಮತ್ತೆ ಸೋಪಿಂದು. ಒರೆಸೋ ಬಟ್ಟೆಗೆ ತಾಗ್ಬಿಟ್ಟಿದೆ, ತಪ್ಪು ನಮ್ದೇ. ವೈನು ಸತ್ತೋಗಿದೆ ಸರ್. ಇದನ್ನ ನಂಬಿ ಆ ವರ್ಷದ್ದನ್ನ ತಗೋಬೇಡಿ.”

ಸಿಮೆಂಟ್ ಮಾಲೀಕ ನಕ್ಕ. ಹೊಟ್ಟೆ ಹಿಡಿದುಕೊಂಡು, ಗೋಡೆಗೆ ಒರಗಿ, ಒಳಗಿದ್ದವರಿಗೆಲ್ಲ ಕೇಳುವಂತೆ ನಕ್ಕ. “ಸೋಪಂತೆ! ಜಡ್ಜ್ ಸಾಹೇಬ್ರಿಗೆ ಸ್ನಾನ ಆಯ್ತು!”

ಆ ನಗುವಿನ ಬೆಲೆಯನ್ನು ನಕ್ಕವನು ಕೊಡಲಿಲ್ಲ. ಸೋಮವಾರ ಗ್ಲಾಸಮ್ಮ ಕೆಲಸಕ್ಕೆ ಹೋದಾಗ ಗೇಟಿನ ಕಾವಲುಗಾರ ಒಂದು ಕವರು ಕೊಟ್ಟು, ಒಳಗೆ ಬಿಡಬಾರದೆಂದು ಹೇಳಿದ್ದಾರೆ ಎಂದ. ಕೆಲಸದ ವೇಳೆಯಲ್ಲಿ ಮದ್ಯ ಸೇವಿಸಿ, ಅಮಲಿನಲ್ಲಿ ಮಾನ್ಯ ಸದಸ್ಯರೊಂದಿಗೆ ಅಸಭ್ಯವಾಗಿ ವರ್ತಿಸಿದ ಕಾರಣ ಅಮಾನತು. ವಿಚಾರಣೆ ಎರಡು ವಾರದ ನಂತರ.

ಕಾಗದವನ್ನು ಮಗಳು ಜೋರಾಗಿ ಓದಿದಳು. ಆಲೂಗಡ್ಡೆ ಬೆಂದು ತಳ ಹಿಡಿಯುತ್ತಿತ್ತು, ಯಾರೂ ಇಳಿಸಲಿಲ್ಲ. ಡಿಪೋದಿಂದ ಬಂದ ಗಂಡ ಕೈಗೆ ಹತ್ತಿದ ಗ್ರೀಸನ್ನೂ ತೊಳೆಯದೆ ನಿಂತಿದ್ದ.

“ಬಾಯಿ ತೆಗಿ” ಎಂದ ಹೆಂಡತಿಗೆ.

“ಏನಂದ್ರಿ?”

“ಒಂದ್ಸಲ ಬಾಯಿ ತೆಗಿ ಅಂದೆ.”

ಅವಳು ಅವನ ಎದುರಿಗೆ ಹೋಗಿ ನಿಂತು ಬಾಯಿ ತೆರೆದಳು. ಅವನು ಬಗ್ಗಿ ಮೂಸಿದ. ಹನ್ನೊಂದು ವರ್ಷದ ಹಿಂದೆ ಅವಳು ದಿನಾ ಅವನಿಗೆ ಮಾಡುತ್ತಿದ್ದದ್ದು ಅದೇ.

“ಶನಿವಾರ ಕುಡಿದಿದ್ರೆ ಸೋಮವಾರ ವಾಸನೆ ಬರುತ್ತಾ?” ಎಂದು ಮಗಳು ಕಿರುಚಿದಳು. “ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತಪ್ಪಾ ಅದು? ನಾಚಿಕೆ ಆಗಲ್ವಾ? ಅವರು ಕಾಗದದಲ್ಲಿ ಉಗುಳಿದ್ರು, ನೀನು ಮುಖಕ್ಕೇ ಉಗುಳ್ದೆ!”

“ನಿನ್ನಪ್ಪನ ಮೇಲೆ ಕೂಗಬೇಡ” ಎಂದಳು ತಾಯಿ. ಬಾಯಿ ಮುಚ್ಚಿ, ಹೋಗಿ ಒಲೆ ಆರಿಸಿದಳು. “ಮೂಸಿ ಆಯ್ತಲ್ಲ. ಏನು ಬಂತು?”

“ಏನೂ ಇಲ್ಲ” ಎಂದ ಅವನು. ಕೈಯ ಗ್ರೀಸು ಒರೆಸಿಕೊಳ್ಳುತ್ತ, “ತಪ್ಪಾಯ್ತು” ಎಂದ. ಆ ಎರಡು ವಾರ ಅವನು ತಟ್ಟೆ, ಪಾತ್ರೆ ಎಲ್ಲವನ್ನೂ ತಾನೇ ತೊಳೆದ.

ಇದಕ್ಕೆಲ್ಲ ತನ್ನ ಸೋಪೇ ಕಾರಣವೆಂದು ಅಜ್ಜಿಗೆ ತಿಳಿಯಲು ಒಂದು ದಿನ ಹಿಡಿಯಿತು. ತಿಳಿದ ಮೇಲೆ ಅವಳು ಅಳಲಿಲ್ಲ, ಬಯ್ಯಲಿಲ್ಲ. ಬಚ್ಚಲಿಗೆ ಹೋಗಿ ಅರ್ಧ ಸವೆದ ಗುಲಾಬಿ ಸೋಪನ್ನು ಒರೆಸಿ, ಕಾಗದದಲ್ಲಿ ಸುತ್ತಿ, ಕಪಾಟಿನ ಮೇಲಿಟ್ಟಳು. ಮರುದಿನದಿಂದ ಬಟ್ಟೆ ಒಗೆಯುವ ಬಿಲ್ಲೆಯಲ್ಲೇ ಮೈ ತೊಳೆದುಕೊಂಡಳು. ಈರುಳ್ಳಿ ಹಲಗೆಯ ಮುಂದೆ ಯಾರೂ ಕರೆಯದೆ ತಾನೇ ಕೂತಳು.

“ಬಿಡಿ ಅತ್ತೆ, ನಾನೀಗ ಮನೇಲೇ ಇದ್ದೀನಲ್ಲ.”

“ನೀನು ಮುಟ್ಟಬೇಡ. ವಿಚಾರಣೆ ಮುಗೀಲಿ. ಮೂಗು ಬೇಕಾಗುತ್ತೆ” ಎಂದಳು ಅಜ್ಜಿ, ಕಣ್ಣು ಒರೆಸಿಕೊಳ್ಳುತ್ತ. “ಇದು ಈರುಳ್ಳಿ ನೀರು. ಹಾಗ್ ನೋಡ್ಬೇಡ.”

ವಿಚಾರಣೆಯ ದಿನ ಗಂಡ ರಜೆ ಹಾಕಿ, ತೊಳೆದ ಅಂಗಿ ಹಾಕಿಕೊಂಡು ಹೊರಟ. ಮಗಳೂ ಬಂದಳು. ಕೂಟ ನಡೆದಿದ್ದ ಅದೇ ಕೋಣೆ, ಅದೇ ಉದ್ದನೆಯ ಮೇಜು. ದೂರು ಕೊಟ್ಟವರೂ ತೀರ್ಪು ಕೊಡುವವರೂ ಒಬ್ಬರೇ: ಜಡ್ಜ್ ಸಾಹೇಬರು ನಡುವೆ, ಅಕ್ಕಪಕ್ಕ ಡಾಕ್ಟರು, ಸಿಮೆಂಟ್ ಮಾಲೀಕ. ಗೋಡೆಯ ಬದಿಗೆ ಟೈ. ಬಂದ ಮೂವರಿಗೆ ಕುರ್ಚಿ ಇಟ್ಟಿರಲಿಲ್ಲ.

“ಕುಡಿದಿದ್ದು ಒಪ್ಪಿಕೊಂಡು ಸಹಿ ಹಾಕಿದರೆ ಹತ್ತೊಂಬತ್ತು ವರ್ಷದ ಸೇವೆಯನ್ನು ಕ್ಲಬ್ಬು ಪರಿಗಣಿಸುತ್ತದೆ. ಇಲ್ಲವಾದರೆ ವಜಾ” ಎಂದರು ಜಡ್ಜ್ ಸಾಹೇಬರು.

“ನಾನು ಕುಡಿದಿಲ್ಲ ಸರ್.”

“ಹಾಗಾದರೆ ವೈನು ಸತ್ತಿದೆ ಎಂದು ಹೇಗೆ ಹೇಳಿದೆ?”

“ಮೂಸಿ ಹೇಳ್ದೆ. ಏಳು ವರ್ಷದಿಂದ ಬಾಟ್ಲಿಗಳನ್ನ ನಾನೇ ಮೂಸಿ ಹೇಳ್ತಿರೋದು. ಅವರನ್ನೇ ಕೇಳಿ.” ಅವಳು ಟೈಯತ್ತ ತಿರುಗಿದಳು.

ಟೈ ತನ್ನ ಬೂಟು ನೋಡಿಕೊಂಡ. “ಇಲ್ಲ ಸರ್. ಗ್ಲಾಸು ತೊಳೆಯುವವರನ್ನು ಬಾಟಲಿಯ ಹತ್ತಿರ ಬಿಡುವುದು ನಿಯಮದಲ್ಲೇ ಇಲ್ಲ.”

ಗ್ಲಾಸಮ್ಮ ಅವನನ್ನೇ ನೋಡುತ್ತ ನಿಂತಳು. ಮಗಳು ಒಂದು ಹೆಜ್ಜೆ ಮುಂದೆ ಬಂದಳು.

“ಪರೀಕ್ಷೆ ಮಾಡಿ. ಇಲ್ಲೇ, ಈಗಲೇ. ಬೇರೆ ಬೇರೆ ವರ್ಷದ್ದು ಹೆಸರು ಕಾಣದ ಹಾಗೆ ಇಡಿ. ನಮ್ಮಮ್ಮ ತುಟಿಗೆ ತಾಗಿಸದೆ ಹೇಳ್ತಾಳೆ. ನೀವೂ ಹೇಳಿ.”

“ಇಡಿ, ಇಡಿ!” ಸಿಮೆಂಟ್ ಮಾಲೀಕನ ಕಣ್ಣು ಮಿನುಗಿತು. “ನನ್ನ ಕಪಾಟಲ್ಲಿ ಅದೇ ತೋಟದ್ದು ನಾಲ್ಕಿದೆ. ಖರ್ಚು ನಂದು. ಮಜಾ ಇರುತ್ತೆ.”

ನಾಲ್ಕು ಗ್ಲಾಸು ಬಂದವು. ಸುರಿದು ತಂದ ವೇಟರಿಗೆ ಮಾತ್ರ ಯಾವುದು ಯಾವುದೆಂದು ಗೊತ್ತು. ಅವನು ಅದನ್ನು ಚೀಟಿಯಲ್ಲಿ ಬರೆದು ಡಾಕ್ಟರ ಕೈಗೆ ಕೊಟ್ಟ. “ಮೊದಲು ನೀವು” ಎಂದು ಮಾಲೀಕ ಜಡ್ಜ್ ಸಾಹೇಬರತ್ತ ಗ್ಲಾಸು ಸರಿಸಿದ. “ವಿಚಾರಣೆ ನನ್ನದಲ್ಲ” ಎಂದು ಅವರು ಹಿಂದಕ್ಕೆ ತಳ್ಳಿದರು.

ಗ್ಲಾಸಮ್ಮ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿದಳು. ಗ್ಲಾಸು ಎತ್ತಲೂ ಇಲ್ಲ. ಒಂದು, ಎರಡು, ಮೂರು, ನಾಲ್ಕು. ಮತ್ತೆ ಎರಡನೆಯದಕ್ಕೆ ಬಂದಳು.

“ಮೂರನೇದು ಎಳೇದು. ಇವರು ಕುಡಿಯೋದು ಬಿಟ್ಟ ವರ್ಷದ್ದು. ಇನ್ನೂ ಒಗರಿದೆ, ಹತ್ತು ವರ್ಷ ಇಟ್ರೆ ಚೆನ್ನಾಗಾಗುತ್ತೆ. ಮೊದಲನೇದು ನಾನು ಇಲ್ಲಿಗೆ ಸೇರಿದ ವರ್ಷದ್ದು. ಬಿಸಿಲು ಜಾಸ್ತಿ, ಹಣ್ಣು ಬೇಯಿಸಿದ ಹಾಗಿದೆ. ನಾಲ್ಕನೇದು ಮದುವೆ ವರ್ಷದ್ದು. ತೆಳು. ಬಣ್ಣ ನೋಡಿ ಇನ್ನೂ ಹಳೇದು ಅನ್ಕೋಬೇಡಿ, ಮಳೆ ವರ್ಷದ್ದು ಬೇಗ ಮುದಿಯಾಗುತ್ತೆ. ಈ ಎರಡನೇದು ನನ್ನ ಮಗಳ ವರ್ಷದ್ದು.” ಅವಳು ಅದರತ್ತ ಇನ್ನೊಮ್ಮೆ ಬಗ್ಗಿದಳು. “ಇದು ಎಲ್ಲಕ್ಕಿಂತ ಚೆನ್ನಾಗಿದೆ. ಆದ್ರೆ ಈ ಗ್ಲಾಸನ್ನ ಲಾಂಡ್ರಿ ಬಟ್ಟೇಲಿ ಒರೆಸಿದ್ದಾರೆ. ಪುಡಿ ವಾಸನೆ ಇದೆ.”

ಮಗಳು ತಾಯಿಯ ಮದುವೆಯ ಇಸವಿ, ತಾನು ಹುಟ್ಟಿದ ಇಸವಿ, ಉಳಿದೆರಡು ಇಸವಿಗಳನ್ನು ಒಂದೊಂದಾಗಿ ಹೇಳಿದಳು. ಡಾಕ್ಟರು ಚೀಟಿ ಬಿಡಿಸಿದರು. ಓದಿದರು. ಇನ್ನೊಮ್ಮೆ ಓದಿದರು.

“ನಾಲ್ಕೂ ಸರಿ” ಎಂದರು ಮೆಲ್ಲಗೆ.

ಗಂಡ ಉಸಿರು ಬಿಟ್ಟದ್ದು ಕೋಣೆಗೆಲ್ಲ ಕೇಳಿಸಿತು. ಜಡ್ಜ್ ಸಾಹೇಬರು ಪೆನ್ನು ಕೈಗೆತ್ತಿಕೊಂಡರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಹುಡುಕುತ್ತಿದ್ದದ್ದು ಸಿಕ್ಕವನ ನೆಮ್ಮದಿಯಿತ್ತು.

“ಸರಿ. ಇದೇ ಸಾಕ್ಷಿ” ಎಂದರು. “ಮೂವತ್ತು ವರ್ಷ ಕುಡಿದು ನನಗೆ ಬಂದಿರುವ ವಿದ್ಯೆ ಇದು. ಒಂದು ಹನಿ ಕುಡಿಯದವಳಿಗೆ ಬರಲು ಸಾಧ್ಯವೇ ಇಲ್ಲ. ಎಷ್ಟು ವರ್ಷದಿಂದ, ಎಷ್ಟು ಬಾಟಲಿ ಕುಡಿದಿದ್ದರೆ ಈ ಮಟ್ಟ ಮುಟ್ಟಿರಬೇಕು! ಇದನ್ನು ಇವಳೇ ರುಜುವಾತು ಮಾಡಿದ್ದಾಳೆ. ಬರೆದುಕೊಳ್ಳಿ.”

ತಪ್ಪಿ ಹೇಳಿದ್ದರೆ ಸುಳ್ಳುಗಾರ್ತಿ. ಸರಿ ಹೇಳಿದ್ದಕ್ಕೆ ಕಳ್ಳಿ. ಬಡವರ ಮನೆಯ ಜಾಣತನಕ್ಕೆ ಈ ಲೋಕದ ಉದ್ದನೆಯ ಮೇಜುಗಳ ಮೇಲೆ ಇಷ್ಟೇ ಜಾಗ.

ಆಗ ಮಾತಾಡಿದವನು ಅದುವರೆಗೆ ಬಾಯಿ ಬಿಡದ ಗಂಡ.

“ಸಾರ್, ಹದಿನಾಲ್ಕು ವರ್ಷ ಕುಡಿದವನು ನಾನು. ಕುಡಿದು ಏನೂ ಕಲೀಲಿಲ್ಲ. ಕುಡಿದ್ರೆ ವಿದ್ಯೆ ಬರೋ ಹಾಗಿದ್ರೆ ಇವತ್ತು ನಿಮ್ಮ ಕುರ್ಚೀಲಿ ನಾನಿರ್ತಿದ್ದೆ. ನನ್ನ ಹೆಂಡ್ತಿ ಕಲ್ತಿದ್ದು ತೊಳ್ದು. ನೀವು ಎಂಜಲು ಮಾಡಿ ಬಿಟ್ಟಿದ್ದನ್ನ ತೊಳ್ದು.”

“ಹೊರಗೆ” ಎಂದರು ಜಡ್ಜ್ ಸಾಹೇಬರು.

ಗ್ಲಾಸಮ್ಮನ ಕೈ ಅಭ್ಯಾಸಬಲದಿಂದ ಮುಂದೆ ಹೋಗಿ ನಾಲ್ಕು ಗ್ಲಾಸುಗಳ ಕತ್ತನ್ನು ಬೆರಳ ಸಂದಿಯಲ್ಲಿ ಸಿಕ್ಕಿಸಿಕೊಂಡಿತ್ತು, ತೊಳೆಯಲು ಒಯ್ಯುವಂತೆ.

“ಇಡಮ್ಮಾ” ಎಂದಳು ಮಗಳು.

ಅವಳು ಇಟ್ಟಳು.

ಒಂದು ತಿಂಗಳು ಕಳೆಯಿತು. ಗ್ಲಾಸಮ್ಮ ಮಗಳ ಡೈರಿಯಲ್ಲಿ ಕ್ಯಾನು ತೊಳೆಯುವ ಕೆಲಸಕ್ಕೆ ಸೇರಿದಳು. ದಿನಗೂಲಿ. ಅಲ್ಲಿಯೂ ಬಿಸಿನೀರು. “ಇನ್ನೂ ಎಷ್ಟು ದಿನ ತೊಳೀತೀಯಮ್ಮಾ? ಮೂಸೋ ಪರೀಕ್ಷೆಗೆ ಅರ್ಜಿ ಹಾಕು” ಎಂದು ಮಗಳು ದಿನಾ ಪೀಡಿಸುತ್ತಿದ್ದಳು. “ಶಾಲೆ ಓದಿರಬೇಕಂತಲ್ಲೇ” ಎಂದು ತಾಯಿ ದಿನಾ ಉತ್ತರಿಸುತ್ತಿದ್ದಳು. ಅರ್ಜಿಯ ಹಾಳೆ ಗೋಡೆಯ ಮೊಳೆಗೆ ಸಿಕ್ಕಿಸಿದ್ದು ಹಾಗೇ ಇತ್ತು. ಕ್ಲಬ್ಬಿನ ಪತ್ರಿಕೆಯಲ್ಲಿ ಏಳನೆಯ ಗ್ಲಾಸಿನ ಗುಲಾಬಿಯ ಬಗ್ಗೆ ಜಡ್ಜ್ ಸಾಹೇಬರು ಎರಡು ಪುಟ ಬರೆದರು ಎಂದು ಸುದ್ದಿ ಬಂತು.

ಒಂದು ಭಾನುವಾರ ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ಟೈ. ಆದರೆ ಟೈ ಕಟ್ಟಿರಲಿಲ್ಲ. ಕೈಯಲ್ಲಿ ಬಟ್ಟೆ ಸುತ್ತಿದ ಡಬ್ಬಿ.

“ಚೆನ್ನಾಗಿದ್ದೀರಾಮ್ಮ?” ಎಂದ. ಹತ್ತೊಂಬತ್ತು ವರ್ಷದಲ್ಲಿ ಅವನ ಬಾಯಿಂದ ಅವಳಿಗೆ ಬಹುವಚನ ಬಂದದ್ದು ಅದೇ ಮೊದಲು.

ಗ್ಲಾಸಮ್ಮ ಈರುಳ್ಳಿ ಹೆಚ್ಚುತ್ತಿದ್ದಳು. ಹಲಗೆಯ ಮೇಲೆ ರಾಶಿಯಿತ್ತು. ಅವಳು ಎದ್ದೇಳಲಿಲ್ಲ. ಗಂಡ ಕುರ್ಚಿ ಎಳೆದು ಕೊಟ್ಟ. ಮಗಳು ಕೊಡಬೇಡ ಎನ್ನುವಂತೆ ನೋಡಿದಳು. “ಅವರು ನಮಗೆ ಕೊಡ್ಲಿಲ್ಲ ಅಂತ ನಾವೂ ಹಾಗಿರಬೇಕಾ?” ಎಂದ ಅವನು.

ಟೈ ಡಬ್ಬಿ ಬಿಚ್ಚಿದ. ಮೂರು ಔಷಧಿ ಬಾಟಲಿಗಳಲ್ಲಿ ಸ್ವಲ್ಪ ಸ್ವಲ್ಪ ಕೆಂಪು.

“ಆ ವರ್ಷದ ಡಜನ್ ಬಂತು. ಮೂರು ತೆಗೆದೆ. ಯಾವುದ್ರಲ್ಲೂ ಗುಲಾಬಿ ಇಲ್ಲ. ಜಡ್ಜ್ ಸಾಹೇಬ್ರು ನಾನು ಬಾಟ್ಲಿ ಇಟ್ಟ ರೀತಿ ಸರಿ ಇಲ್ಲ ಅಂತ ಕೂಗಾಡ್ತಿದ್ದಾರೆ. ಇವತ್ತು ರಾತ್ರಿ ಹೊರಗಿನಿಂದ ಅತಿಥಿಗಳು ಬರ್ತಿದ್ದಾರೆ. ಯಾವುದು ಬದುಕಿದೆ, ಯಾವುದು ಸತ್ತಿದೆ ಅಂತ ಒಂದ್ಸಲ ಮೂಸಿ ಹೇಳಿ. ನಿಮ್ಮ ಹೊರತು ಇದು ಯಾರಿಗೂ ಗೊತ್ತಾಗಲ್ಲ.”

ಅವನು ಮಾತಾಡುತ್ತಲೇ ಮೂರರ ಮುಚ್ಚಳಗಳನ್ನೂ ತಿರುಗಿಸಿ ತೆಗೆದ. ಈರುಳ್ಳಿಯ ಖಾರವನ್ನು ಸೀಳಿಕೊಂಡು ಆ ವಾಸನೆ ಮೇಜಿನ ಮೇಲೆ ಹರಿಯಿತು. ಗ್ಲಾಸಮ್ಮನ ಚಾಕು ಒಂದು ಕ್ಷಣ ನಿಂತಿತು. ಎರಡು ಸತ್ತಿದ್ದವು. ನಡುವಿನದು ಬದುಕಿತ್ತು, ಒಣ ಎಲೆ, ಹಳೆಯ ಪುಸ್ತಕ, ಅದರ ಕೆಳಗೆ ಎಲ್ಲೋ ಸಣ್ಣಗೆ ಒಂದು ಹಣ್ಣು. ಅವಳ ಜೀವಮಾನದಲ್ಲಿ ಆ ವರ್ಷದ್ದು ಬದುಕಿದ್ದನ್ನು ಮೂಸಿದ್ದು ಅದೇ ಮೊದಲು.

“ಮ್… ಗೊತ್ತಾಯ್ತು” ಎಂದಳು.

“ಹೇಳಿ, ಹೇಳಿ.”

“ಮೊದಲು ಒಂದು ಕಾಗದ ತಗೊಳ್ಳಿ. ಬರೀರಿ. ಏಳು ವರ್ಷ ಕಿಂಡಿಯಿಂದ ಕೊಟ್ಟವರು ನೀವು, ಮೂಸಿ ಹೇಳಿದವಳು ನಾನು, ಒಂದು ಹನೀನೂ ಬಾಯಿಗೆ ಹಾಕಿಲ್ಲ ಅಂತ ಬರೀರಿ. ಕೆಳಗೆ ಸಹಿ ಹಾಕಿ.”

ಮಗಳು ಮೊಳೆಯಿಂದ ಅರ್ಜಿಯ ಹಾಳೆ ಕಿತ್ತು, ಅದರ ಖಾಲಿ ಬೆನ್ನನ್ನು ಮೇಲೆ ಮಾಡಿ ಪೆನ್ನಿನ ಜೊತೆ ಅವನ ಮುಂದಿಟ್ಟಳು.

ಅವನು ಪೆನ್ನು ಹಿಡಿದ. ಹಿಡಿದುಕೊಂಡೇ ಕೂತ. “ಇದು ಹೊರಗೆ ಬಂದ್ರೆ ನನ್ನ ಕೆಲಸ ಹೋಗುತ್ತಮ್ಮ.”

“ಹೌದು. ಹೋಗುತ್ತೆ” ಎಂದಳು ಅವಳು. “ನಂದು ಹೋಯ್ತಲ್ಲ. ನಿಮ್ಮದಾದ್ರೂ ನಿಜ ಹೇಳಿ ಹೋಗುತ್ತೆ.”

ಅವನು ಪೆನ್ನು ಕೆಳಗಿಟ್ಟ. ಮುಚ್ಚಳಗಳನ್ನು ಒಂದೊಂದಾಗಿ ತಿರುಗಿಸಿ ಹಾಕಿದ. ಗ್ಲಾಸಮ್ಮ ಮತ್ತೊಂದು ಈರುಳ್ಳಿ ಎತ್ತಿಕೊಂಡು ನಡುವಿಗೆ ಸೀಳಿದಳು.

ಅವನು ಬಾಗಿಲ ಬಳಿ ಹೋಗುವಷ್ಟರಲ್ಲಿ ಅಜ್ಜಿ ಕಪಾಟಿನ ಮುಂದೆ ಸ್ಟೂಲು ಹತ್ತಿ, ಕಾಗದದ ಪೊಟ್ಟಣ ಇಳಿಸಿ, ಕುಂಟುತ್ತ ಅವನ ಹಿಂದೆ ಬಂದಳು.

“ತಗೊಳ್ಳಿ” ಎಂದು ಅದನ್ನು ಅವನ ಡಬ್ಬಿಯ ಮೇಲಿಟ್ಟಳು. “ನಿಮ್ಮ ಸಾಹೇಬ್ರು ಹುಡುಕ್ತಿರೋ ಗುಲಾಬಿ ಇದೇ. ಅರ್ಧ ಉಳಿದಿದೆ. ಅವರಿಗೇ ಕೊಡಿ, ಅಂಗಡೀಲಿ ಸಿಗುತ್ತೆ, ಇದಕ್ಕೆ ನಲವತ್ತೊಂದು ವರ್ಷ ಕಾಯೋದೂ ಬೇಡ ಅಂತ ಹೇಳಿ.”